ಯಾವ ತಿಂಗಳಲ್ಲಿ ಕೇಳಿದಿರಿ?

ಮಾತಿಗೆ ಹನ್ನೆರಡು ನಿಮಿಷ, ಪ್ರಶ್ನೆಗೆ ಮೂರು ನಿಮಿಷ. ಸಮ್ಮೇಳನದವರು ಕಳಿಸಿದ ಇಮೇಲ್‌ನಲ್ಲಿ ಹಾಗೇ ಇತ್ತು. ಆ ಹನ್ನೆರಡು ನಿಮಿಷಕ್ಕೆ ನಾನು ಎರಡು ತಿಂಗಳು ತಯಾರಿ ಮಾಡಿದೆ, ಕನ್ನಡಿ ಮುಂದೆ ನಿಂತು, ಅಡುಗೆಮನೆಯಲ್ಲಿ ಅಮ್ಮನ ಮುಂದೆ ನಿಂತು, ಬಸ್ಸಿನಲ್ಲಿ ಬಾಯೊಳಗೇ ಗೊಣಗಿಕೊಂಡು. ಮೂರು ನಿಮಿಷಕ್ಕೆ ಏನೂ ಮಾಡಲಿಲ್ಲ. ನನ್ನ ಎರಡು ವರ್ಷದ ಕೆಲಸ ಬಿದ್ದುಹೋದದ್ದು ಆ ಮೂರು ನಿಮಿಷದಲ್ಲಿ.

ಮಡಿಕೇರಿಯಿಂದ ಮಾದಾಪುರದ ಕಡೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಸ್ವಲ್ಪ ಕಾಫಿ, ಸಿಲ್ವರ್ ಮರಕ್ಕೆ ಹಬ್ಬಿಸಿದ ಒಂದಷ್ಟು ಕರಿಮೆಣಸು, ಎರಡು ದನ. ನಾನು ಡಿಗ್ರಿ ಕಾಲೇಜೊಂದರಲ್ಲಿ ಮನಃಶಾಸ್ತ್ರ ಕಲಿಸುವ ಗೆಸ್ಟ್ ಲೆಕ್ಚರರ್, ಜೊತೆಗೆ ಪಿಎಚ್‌ಡಿ. ಗೆಸ್ಟ್ ಅಂದರೆ ಗೊತ್ತಲ್ಲ, ಕಾಲೇಜಿಗೆ ರಜೆ ಬಂದರೆ ಸಂಬಳವೂ ರಜೆಗೆ ಹೋಗುತ್ತದೆ. ಮನಃಶಾಸ್ತ್ರ ಅಂದರೆ ಊರಿನಲ್ಲಿ ಇನ್ನೂ ‘ಮುಖ ನೋಡಿ ಮನಸ್ಸಲ್ಲಿರೋದು ಹೇಳ್ತೀಯಾ?’ ಅಂತಲೇ ಕೇಳುತ್ತಾರೆ. ಮುಖ ನೋಡಿ ಹೇಳೋಕೆ ಬರುವ ಹಾಗಿದ್ದರೆ ಇಷ್ಟು ಕಷ್ಟ ಪಡುತ್ತಿದ್ದೆನಾ?

ನನ್ನ ವಿಷಯ 2018ರ ಆಗಸ್ಟ್. ಆ ತಿಂಗಳ ನಡುವಿನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಕಾಲೂರು, ಜೋಡುಪಾಲ ಕಡೆಯೆಲ್ಲಾ ಗುಡ್ಡ ಗುಡ್ಡವೇ ಕೆಳಗಿಳಿಯಿತು. ಪೇಪರ್‌ನವರು ಭೂಕುಸಿತ ಅಂತ ಬರೆಯುತ್ತಾರೆ, ನಾವು ಬರೆ ಜರಿಯಿತು ಅನ್ನುತ್ತೇವೆ. ಮನೆಗೆ ಏನೂ ಆಗದ ನಮ್ಮಂಥವರೂ ಎದುರಿನ ಹಸಿರು ಗುಡ್ಡದಲ್ಲಿ ಕೆಂಪು ಗೆರೆ ಬಿದ್ದದ್ದನ್ನು ನೋಡಿಕೊಂಡೇ ಇದ್ದೆವು. ಮುಂದಿನ ವರ್ಷ ಆಗಸ್ಟ್‌ನಲ್ಲಿ ವಿರಾಜಪೇಟೆ ಕಡೆ ತೋರ. ಅದರ ಮುಂದಿನ ಆಗಸ್ಟ್‌ನಲ್ಲಿ ಬ್ರಹ್ಮಗಿರಿ ಬೆಟ್ಟ ಜರಿದು ತಲಕಾವೇರಿಯ ಅರ್ಚಕರ ಮನೆಯೇ ಮಣ್ಣಿನಡಿ ಹೋಯಿತು. ಮೂರು ವರ್ಷ ಸಾಲಾಗಿ ಒಂದೇ ತಿಂಗಳು. ಈಗಲೂ ಆಗಸ್ಟ್ ಅಂದರೆ ನಮ್ಮಲ್ಲಿ ಸ್ವಾತಂತ್ರ್ಯ ದಿನ ಆಮೇಲೆ ನೆನಪಾಗುತ್ತದೆ.

ಮನೆ ಕಳೆದುಕೊಂಡವರಿಗೆ ಜಂಬೂರು, ಮದೆನಾಡು, ಕರ್ಣಂಗೇರಿಯಲ್ಲಿ ಹೊಸ ಮನೆಗಳ ಕಾಲೊನಿಗಳಾದವು. ಕೆಲವರು ಅಲ್ಲಿಗೆ ಹೋದರು. ಇನ್ನು ಕೆಲವರು, ಮನೆ ಉಳಿದವರು, ಜರಿದ ಗುಡ್ಡದ ಪಕ್ಕದಲ್ಲೇ ಉಳಿದರು. ಹೀಗೆ ಹೋದವರ ಮನಸ್ಸು ಈಗ ಹೇಗಿದೆ, ಉಳಿದವರದು ಹೇಗಿದೆ ಅಂತ ಅಳೆದು ನೋಡುವುದು ನನ್ನ ಆಸೆ. ಕೇಳೋಕೆ ಎಷ್ಟು ಸಲೀಸು ಅಲ್ವಾ?

ಅಳೆಯೋಕೆ ನಾನು ತೆಗೆದುಕೊಂಡದ್ದು ‘ಇಂಪ್ಯಾಕ್ಟ್ ಆಫ್ ಇವೆಂಟ್ ಸ್ಕೇಲ್’ ಅನ್ನುವ ಪ್ರಶ್ನಾವಳಿ. 1979ರಲ್ಲಿ ಹೊರೊವಿಟ್ಜ್ ಮತ್ತು ಜೊತೆಯವರು ಮಾಡಿದಾಗ ಅದರಲ್ಲಿ 15 ಪ್ರಶ್ನೆ ಇದ್ದವು. 1997ರಲ್ಲಿ ವೈಸ್ ಮತ್ತು ಮಾರ್ಮರ್ ಅದನ್ನು 22ಕ್ಕೆ ಬೆಳೆಸಿದರು. ಬೇಡ ಅಂದರೂ ನುಗ್ಗಿ ಬರುವ ನೆನಪು, ನೆನಪು ಬರದ ಹಾಗೆ ದೂರ ಇರುವುದು, ಸದಾ ಬೆಚ್ಚಿ ಎಚ್ಚರವಾಗಿರುವುದು, ಈ ಮೂರನ್ನು ಕೇಳುತ್ತದೆ. ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕು ಅಂಕ, ಎಲ್ಲ ಸೇರಿ 88. ಅಂಕ ಜಾಸ್ತಿ ಆದಷ್ಟೂ ಸಂಕಟ ಜಾಸ್ತಿ. ಎಲ್ಲ ಪ್ರಶ್ನೆಯೂ ‘ಕಳೆದ ಏಳು ದಿನಗಳಲ್ಲಿ’ ಅಂತಲೇ ಶುರು. ಈ ಏಳು ದಿನ ಅನ್ನೋದನ್ನು ನಾನು ಸುಮ್ನೆ ಓದಿಕೊಂಡು ಹೋಗಿದ್ದೆ.

ಇದನ್ನು ಕನ್ನಡಕ್ಕೆ ತಂದ ಕಥೆಯೇ ಬೇರೆ. ಅನುವಾದಕ್ಕೆ ಒಂದು ಪದ್ಧತಿ ಇದೆ, 1970ರಲ್ಲಿ ಬ್ರಿಸ್ಲಿನ್ ಹೇಳಿದ್ದು. ಒಬ್ಬರು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಬೇಕು, ಮೂಲವನ್ನೇ ನೋಡದ ಇನ್ನೊಬ್ಬರು ಕನ್ನಡದಿಂದ ವಾಪಸ್ ಇಂಗ್ಲಿಷಿಗೆ ಮಾಡಬೇಕು. ಎರಡು ಇಂಗ್ಲಿಷೂ ಹೊಂದಿದರೆ ಕನ್ನಡ ಸರಿ ಇದೆ ಅಂತ ಲೆಕ್ಕ. ನಾನು ಮಾಡಿದೆ. ವಾಪಸ್ ಮಾಡಿಕೊಟ್ಟವರು ನಮ್ಮ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು. ಹೂಬೇಹೂಬು ಹೊಂದಿತು. ಖುಷಿಯಾಯಿತು. ಆಮೇಲೆ ಗೊತ್ತಾಯಿತು, ಅವರು ನನ್ನ ಕನ್ನಡ ಓದಿ ಇದರ ಹಿಂದೆ ಯಾವ ಇಂಗ್ಲಿಷ್ ಇರಬಹುದು ಅಂತ ಊಹಿಸಿ ಬರೆದಿದ್ದರು. ಇಂಗ್ಲಿಷ್ ಬಲ್ಲವರಿಗೆ ಆ ಕನ್ನಡ ಅರ್ಥವಾಗುತ್ತಿತ್ತು. ಅಷ್ಟೇ.

ಒಂದು ಪ್ರಶ್ನೆಯಲ್ಲಿ ‘ನಿಮ್ಮ ಭಾವನೆಗಳು ಮರಗಟ್ಟಿದಂತೆ ಅನಿಸಿತೇ?’ ಅಂತ ಹಾಕಿದ್ದೆ. ಹಟ್ಟಿಹೊಳೆ ಹತ್ತಿರ ಒಬ್ಬರು ಅಕ್ಕ ಕೈ ಉಜ್ಜಿಕೊಂಡು ‘ಮರಗಟ್ಟದೆ ಇನ್ನೇನು, ಈ ಚಳೀಲಿ ಬೆರಳು ಮಡಚೋಕೇ ಆಗಲ್ಲ’ ಅಂದರು. ನಾನು ನಾಲ್ಕು ಅಂಕ ಹಾಕಬೇಕಾ ಸೊನ್ನೆ ಹಾಕಬೇಕಾ? ಇನ್ನೊಂದರಲ್ಲಿ ‘ಅದನ್ನು ನೆನಪಿಸುವ ಜಾಗಗಳಿಂದ ದೂರ ಇದ್ದಿರಾ?’ ಅಂತ ಇತ್ತು. ಒಬ್ಬರು ಅಣ್ಣ ಬಾಗಿಲಿಂದಲೇ ಕೈ ತೋರಿಸಿದರು. ಜರಿದ ಬರೆ ಅವರ ತೋಟದ ಮೇಲೇ ಇತ್ತು. ಉಳಿದ ಅರ್ಧ ತೋಟಕ್ಕೆ ಹೋಗಬೇಕಾದರೆ ಅದನ್ನೇ ದಾಟಬೇಕು. ‘ದೂರ ಇದ್ರೆ ಕಾಫಿ ಯಾರು ಕುಯ್ತಾರೆ?’

ಇದೂ ಸಾಲದು ಅಂತ ಭಾಷೆ. ಒಂದೇ ದಾರಿಯಲ್ಲಿ ಒಂದು ಮನೆಯಲ್ಲಿ ಅರೆಭಾಷೆ, ಮುಂದಿನದರಲ್ಲಿ ಕೊಡವ ತಕ್ಕ್, ಅದರಾಚೆ ತುಳು, ಲೈನ್ ಮನೆಗಳಲ್ಲಿ ತಮಿಳು, ಮಲಯಾಳ. ಎಲ್ಲರಿಗೂ ಕನ್ನಡ ಬರುತ್ತದೆ, ನಿಜ. ಆದರೆ ರೇಷನ್ ಅಂಗಡಿಯಲ್ಲಿ ಮಾತಾಡುವ ಕನ್ನಡದಲ್ಲಿ ರಾತ್ರಿ ಮೂರು ಗಂಟೆಯ ಭಯ ಹೇಳೋಕೆ ಆಗುತ್ತಾ? ನನಗೆ ಅರೆಭಾಷೆ ಬರುತ್ತದೆ, ಹಾಗಾಗಿ ಕೆಲವು ಮನೆಗಳಲ್ಲಿ ಬಚಾವ್.

ಸಂಶೋಧನೆಗೆ ಕೇಳುವಾಗ ಜನಕ್ಕೆ ಹಳೆಯ ಗಾಯ ಕೆದಕಿದ ಹಾಗೆ ಆಗಬಹುದು. ಅದಕ್ಕೆ ಎಥಿಕ್ಸ್ ಸಮಿತಿಯವರು, ಕಷ್ಟ ಅನಿಸಿದವರಿಗೆ ಎಲ್ಲಿ ಸಹಾಯ ಸಿಗುತ್ತದೆ ಅಂತ ಹೇಳಲೇಬೇಕು ಅಂದಿದ್ದರು. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ನಂಬರ್, 14416, ಚೀಟಿಯಲ್ಲಿ ಬರೆದು ಎಲ್ಲರ ಕೈಗೂ ಕೊಟ್ಟೆ. ಒಬ್ಬರು ಅಜ್ಜಿ ಚೀಟಿ ತಿರುಗಿಸಿ ನೋಡಿ, ‘ಇದಕ್ಕೆ ಫೋನ್ ಮಾಡಿದ್ರೆ ರಸ್ತೆ ರಿಪೇರಿ ಮಾಡ್ತಾರಾ ಮಗಾ?’ ಅಂತ ಕೇಳಿದರು. ಇಲ್ಲ ಅಜ್ಜಿ ಅಂದೆ. ಚೀಟಿಯನ್ನು ಕ್ಯಾಲೆಂಡರ್ ಹಿಂದೆ ಸಿಕ್ಕಿಸಿದರು.

ಜುಲೈಯಲ್ಲಿ ಶುರು ಮಾಡಿದ್ದೆ. ಮಳೆಗಾಲದಲ್ಲಿ ತೋಟದ ಕೆಲಸ ಕಡಿಮೆ, ಜನ ಮನೆಯಲ್ಲಿ ಸಿಗುತ್ತಾರೆ ಅನ್ನುವ ಲೆಕ್ಕ. ನಮ್ಮ ಮನೆಗೆ ಹತ್ತಿರದವರು, ಅಂದರೆ ಗುಡ್ಡದ ಪಕ್ಕ ಉಳಿದವರು, ಮೊದಲು ಮುಗಿದರು. ಅಷ್ಟರಲ್ಲಿ ಮರ ಬಿದ್ದು ರಸ್ತೆ ಬಂದ್, ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ. ಕಾಲೊನಿಯವರನ್ನು ಆಮೇಲೆ ನೋಡೋಣ ಅಂತ ಬಿಟ್ಟೆ. ಆಮೇಲೆ ಕೈಲ್‌ಪೊಳ್ದು, ದಸರಾ, ಪರೀಕ್ಷೆ, ಪುತ್ತರಿ, ಕಾಫಿ ಕುಯ್ಲು. ಅಂತೂ ಅವರನ್ನು ಕೇಳಿದ್ದು ಕುಯ್ಲು ಮುಗಿದ ಮೇಲೆ, ಫೆಬ್ರವರಿ ಕೊನೆಯಲ್ಲಿ. ಒಳ್ಳೆಯ ಬಿಸಿಲು. ಜಗಲಿಯಲ್ಲಿ ಕೂತು, ಕಾಫಿ ಕುಡಿದು, ಆರಾಮಾಗಿ ಕೇಳಿದೆ.

ಲೆಕ್ಕ ಹಾಕಿದಾಗ ಕಾಲೊನಿಯವರ ಅಂಕ ಗುಡ್ಡದ ಪಕ್ಕದವರಿಗಿಂತ ಸಾಕಷ್ಟು ಕಡಿಮೆ ಬಂತು. ಪಿ ವ್ಯಾಲ್ಯೂ, ಅಂದರೆ ನಿಜವಾದ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ಅಂತರ ಬರೀ ಅದೃಷ್ಟದಿಂದ ಬರುವ ಸಾಧ್ಯತೆ, 0.05ಕ್ಕಿಂತ ಕೆಳಗೆ. ಮನಃಶಾಸ್ತ್ರ ಓದಿದವರಿಗೆ ಆ ಸಂಖ್ಯೆ ಅಂದರೆ ಏನು ಅಂತ ಗೊತ್ತು, ಪ್ರಸಾದ ಸಿಕ್ಕ ಹಾಗೆ. ಆವತ್ತು ಬರುವಾಗ ಅರ್ಧ ಕೆಜಿ ಮೈಸೂರು ಪಾಕ್ ತಂದೆ. ‘ಸುರಕ್ಷಿತ ಜಾಗಕ್ಕೆ ಸ್ಥಳಾಂತರವಾದವರಲ್ಲಿ ಆಘಾತದ ಲಕ್ಷಣ ಕಡಿಮೆ’ ಅಂತ ಶೀರ್ಷಿಕೆ ಹಾಕಿ 250 ಪದದ ಸಾರಾಂಶ ಬರೆದು ಸಮ್ಮೇಳನಕ್ಕೆ ಕಳಿಸಿದೆ. ಪೋಸ್ಟರ್ ಸಿಕ್ಕರೆ ಸಾಕು ಅಂದುಕೊಂಡಿದ್ದೆ. ಮಾತಿಗೇ ಅವಕಾಶ ಕೊಟ್ಟರು.

ಸಮ್ಮೇಳನ ಮಡಿಕೇರಿಯಲ್ಲೇ, ಡಿಸೆಂಬರ್‌ನಲ್ಲಿ, ಪುತ್ತರಿ ಮುಗಿದ ಮೇಲೆ ಎರಡು ದಿನ. ಬೆಂಗಳೂರು, ಮೈಸೂರು, ಮಂಗಳೂರು, ಕೇರಳದಿಂದೆಲ್ಲಾ ಜನ ಬಂದಿದ್ದರು. ಅರ್ಧ ಜನ ಸಂಶೋಧನೆಗೆ, ಅರ್ಧ ಜನ ರಾಜಾಸೀಟಿಗೆ. ಬೆಳಗ್ಗೆ ಮಂಜು ಎಷ್ಟಿತ್ತು ಅಂದರೆ ಸ್ವಾಗತದ ಬ್ಯಾನರೇ ಕಾಣುತ್ತಿರಲಿಲ್ಲ. ಬಯಲುಸೀಮೆಯಿಂದ ಬಂದ ಹುಡುಗರು ತೆಳು ಅಂಗಿಯಲ್ಲಿ ನಡುಗುತ್ತಾ ಕಾಫಿ ಫ್ಲಾಸ್ಕ್ ಸುತ್ತ ನಿಂತಿದ್ದರು.

ಉದ್ಘಾಟನೆ ಭಾಷಣಗಳು ಉದ್ಘಾಟನೆ ಭಾಷಣಗಳ ಹಾಗೇ ಇದ್ದವು. ಒಂದು ಮಾತ್ರ ಚೆನ್ನಾಗಿತ್ತು. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಮನಃಶಾಸ್ತ್ರ ವಿಭಾಗ ಶುರುವಾಯಿತು, ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಲ್ಲಿ ಖಾಸಗಿ ರೇಡಿಯೊ ಕೇಂದ್ರ ಇಟ್ಟರು, ‘ಆಕಾಶವಾಣಿ’ ಅನ್ನುವ ಹೆಸರು ಬಂದದ್ದು ಆ ಮೈಸೂರಿನ ಕೇಂದ್ರಕ್ಕೆ ಅಂತ ಒಬ್ಬರು ಹೇಳಿದರು. ಮಳೆಗಾಲದಲ್ಲಿ ಮಡಿಕೇರಿ ಆಕಾಶವಾಣಿ ಕೇಳಿಕೊಂಡು ಬೆಳೆದ ನನಗೆ, ಆ ಹೆಸರಿನ ಹಿಂದೆ ನಮ್ಮ ಸಬ್ಜೆಕ್ಟಿನ ಮೇಷ್ಟ್ರು ಇದ್ದರು ಅಂತ ಗೊತ್ತೇ ಇರಲಿಲ್ಲ.

ಆಮೇಲಿನ ಮುಖ್ಯ ಉಪನ್ಯಾಸ ನನ್ನ ಹೊಟ್ಟೆಯಲ್ಲಿ ಕಲ್ಲು ಹಾಕಿತು. ವಿಷಯ, ಮನಃಶಾಸ್ತ್ರದ ಸಂಶೋಧನೆಗಳನ್ನು ಮತ್ತೆ ಮಾಡಿದರೆ ಅದೇ ಫಲಿತಾಂಶ ಬರುತ್ತಾ ಅನ್ನೋದು. 2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ದೊಡ್ಡ ಕೆಲಸವೊಂದರ ಬಗ್ಗೆ ಹೇಳಿದರು. ಪ್ರಕಟವಾಗಿದ್ದ 100 ಸಂಶೋಧನೆಗಳನ್ನು ಬೇರೆ ಬೇರೆ ತಂಡಗಳು ಮತ್ತೆ ಮಾಡಿ ನೋಡಿದವು. ಮೊದಲ ಸಲ ಅವುಗಳಲ್ಲಿ ಶೇ 97ರಷ್ಟು ‘ಫಲಿತಾಂಶ ಬಂದಿದೆ’ ಅಂದಿದ್ದವು. ಎರಡನೇ ಸಲ ಬಂದದ್ದು ಶೇ 36ರಲ್ಲಿ ಮಾತ್ರ. ಯಾರೂ ಸುಳ್ಳು ಹೇಳಿರಬೇಕಾಗಿಲ್ಲ, ನಮಗೆ ಬೇಕಾದದ್ದು ಸಿಕ್ಕ ತಕ್ಷಣ ಹುಡುಕೋದು ನಿಲ್ಲಿಸಿಬಿಡುತ್ತೇವೆ, ಸಿಗದಿದ್ದರೆ ಮಾತ್ರ ತಪ್ಪು ಎಲ್ಲಿದೆ ಅಂತ ನೋಡುತ್ತೇವೆ ಅಂದರು. ನನಗೆ ಮೈಸೂರು ಪಾಕ್ ನೆನಪಾಯಿತು.

ಮನಃಶಾಸ್ತ್ರಕ್ಕೆ ಸಿಕ್ಕ ಮನುಷ್ಯರೆಲ್ಲಾ ಬಹುಪಾಲು ಶ್ರೀಮಂತ ದೇಶಗಳ ಕಾಲೇಜು ಹುಡುಗರು ಅಂತ 2010ರಲ್ಲಿ ಹೆನ್ರಿಕ್ ಮತ್ತು ಜೊತೆಯವರು ಬರೆದದ್ದನ್ನೂ ತೋರಿಸಿದರು. ಆಗ ಸ್ವಲ್ಪ ಧೈರ್ಯ ಬಂತು. ನನ್ನ ಜನ ಹಟ್ಟಿಹೊಳೆಯವರು, ಅಷ್ಟಾದರೂ ಪುಣ್ಯ.

ಊಟ ಆದ ಮೇಲಿನ ಸೆಷನ್ ನನ್ನದು. ಅಕ್ಕಿ ರೊಟ್ಟಿ, ಕಡಂಬುಟ್ಟು, ಕೋಳಿ ಸಾರು, ಸಸ್ಯಾಹಾರಿಗಳಿಗೆ ಬೈಂಬಳೆ, ಅಂದರೆ ಕಳಲೆ ಸಾರು. ಹೊರಗಿನವರು ಕಡಂಬುಟ್ಟನ್ನು ಇಡ್ಲಿ ಅಂದುಕೊಂಡು ಸಾಂಬಾರ್ ಹುಡುಕುತ್ತಿದ್ದರು. ಇಷ್ಟು ತಿಂದವರ ಮುಂದೆ ಮಧ್ಯಾಹ್ನ ಎರಡೂವರೆಗೆ ಮಾತಾಡೋದು ಅಂದರೆ ಶಿಕ್ಷೆ. ಅದರ ಮೇಲೆ ಫಾಂಟ್. ಪ್ರಶ್ನಾವಳಿಯ ಸ್ಲೈಡನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದ್ದೆ. ಅಲ್ಲಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ. ಪರದೆ ಮೇಲೆ ಕನ್ನಡದ ಬದಲು ಯಾವುದೋ ದೇಶದ ಅಕ್ಷರಗಳು ತಲೆ ಮೇಲೆ ಚುಕ್ಕಿ ಇಟ್ಟುಕೊಂಡು ಬಂದವು. ಕನ್ನಡ ಅನುವಾದದ ಬಗ್ಗೆ ಹೇಳಬೇಕಾದ ಸ್ಲೈಡೇ ಅದು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಾನೂ ನಕ್ಕೆ, ಪ್ರಶ್ನೆಗಳನ್ನು ಬಾಯಲ್ಲೇ ಹೇಳಿದೆ. ಬೆರಳು ಮಡಚೋಕೆ ಆಗಲ್ಲ ಅಂದ ಅಕ್ಕನ ಕಥೆ ಹೇಳಿದಾಗ ನಿದ್ದೆ ಮಾಡುತ್ತಿದ್ದವರೂ ಎದ್ದರು. ನಿಜ ಹೇಳಬೇಕೆಂದರೆ ಸ್ಲೈಡ್ ಕೆಟ್ಟದ್ದೇ ಒಳ್ಳೆಯದಾಯಿತು.

ಹನ್ನೊಂದೂವರೆ ನಿಮಿಷಕ್ಕೆ ಮುಗಿಸಿದೆ. ಚಪ್ಪಾಳೆ. ಮೊದಲ ಕೈ ಎತ್ತಿದವರು ‘ಪ್ರಶ್ನೆ ಅಂತಲ್ಲ, ಒಂದೆರಡು ಮಾತು’ ಅಂದರು. ಎಲ್ಲ ಸಮ್ಮೇಳನದಲ್ಲೂ ಇಂಥವರು ಒಬ್ಬರು ಇರುತ್ತಾರೆ. ಧ್ಯಾನದಿಂದ ಎಲ್ಲ ಸರಿಹೋಗುತ್ತದೆ ಅಂತ ಎರಡು ನಿಮಿಷ ಹೇಳಿದರು. ಅಧ್ಯಕ್ಷರು ಗಡಿಯಾರ ನೋಡಿದರು. ಉಳಿದದ್ದು ಒಂದು ನಿಮಿಷ.

ಎರಡನೇ ಸಾಲಿನಲ್ಲಿ ಬೆಂಗಳೂರಿನಿಂದ ಬಂದಿದ್ದ ಹಿರಿಯ ಮನೋವೈದ್ಯೆಯೊಬ್ಬರು ಕೂತಿದ್ದರು. ಹತ್ತಿ ಸೀರೆ ಮೇಲೆ ದಪ್ಪ ಸ್ವೆಟರ್. ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ. ಸೆಷನ್ ಪೂರ್ತಿ ಇಂಗ್ಲಿಷಿನಲ್ಲಿ ನಡೆದಿತ್ತು, ಅವರು ಕನ್ನಡದಲ್ಲಿ ಕೇಳಿದರು. ‘ಚೆನ್ನಾಗಿತ್ತಮ್ಮ. ಒಂದು ಸಣ್ಣ ವಿಷಯ. ಇವರನ್ನೆಲ್ಲಾ ಯಾವ ತಿಂಗಳಲ್ಲಿ ಕೇಳಿದಿರಿ?’

ಇಷ್ಟು ಸುಲಭದ ಪ್ರಶ್ನೆ ಬಂತಲ್ಲ ಅಂತ ಹಗುರಾಯಿತು. ಗುಡ್ಡದ ಪಕ್ಕದವರನ್ನು ಜುಲೈಯಲ್ಲಿ, ಕಾಲೊನಿಯವರನ್ನು ಫೆಬ್ರವರಿಯಲ್ಲಿ ಅಂತ ಉತ್ಸಾಹದಿಂದಲೇ ಹೇಳಿದೆ. ರಸ್ತೆ ಬಂದ್ ಆದದ್ದನ್ನೂ ಹೇಳಿದೆ. ಹೇಳುತ್ತಾ ಹೇಳುತ್ತಾ ಮೈ ತಣ್ಣಗಾಯಿತು. ಅವರು ಮುಂದೆ ಏನೂ ಕೇಳಲಿಲ್ಲ, ತಲೆ ಆಡಿಸಿದರು, ಅಷ್ಟೇ. ಕೇಳೋ ಅಗತ್ಯ ಇರಲಿಲ್ಲ. ಒಂದು ಗುಂಪನ್ನು ಜಡಿಮಳೆಯಲ್ಲಿ ಕೇಳಿ, ಇನ್ನೊಂದು ಗುಂಪನ್ನು ಬಿಸಿಲಲ್ಲಿ ಕೇಳಿ, ಬಂದ ವ್ಯತ್ಯಾಸವನ್ನು ಹೊಸ ಮನೆಯ ಲೆಕ್ಕಕ್ಕೆ ಬರೆದಿದ್ದೆ. ‘ಕಳೆದ ಏಳು ದಿನ’ ಒಬ್ಬರಿಗೆ ಆಷಾಢದ ಏಳು ದಿನ, ಇನ್ನೊಬ್ಬರಿಗೆ ಶಿವರಾತ್ರಿ ಹತ್ತಿರದ ಏಳು ದಿನ. ಪಿ ವ್ಯಾಲ್ಯೂ ಇಂಥ ವ್ಯತ್ಯಾಸ ಬರೀ ಅದೃಷ್ಟದಿಂದ ಬರೋದು ಅಪರೂಪ ಅನ್ನುತ್ತದೆ. ವ್ಯತ್ಯಾಸ ಯಾಕೆ ಬಂತು ಅಂತ ಅದು ಹೇಳಲ್ಲ. ಇದನ್ನು ನಾನು ಪ್ರತಿವರ್ಷ ಎರಡನೇ ಬಿಎ ಮಕ್ಕಳಿಗೆ ಪಾಠ ಮಾಡುತ್ತೇನೆ, ಅದೂ ಉದಾಹರಣೆ ಸಮೇತ.

ಇಡೀ ಕೊಡಗಿನಲ್ಲಿ ಜುಲೈಗೂ ಫೆಬ್ರವರಿಗೂ ವ್ಯತ್ಯಾಸ ಗೊತ್ತಿಲ್ಲದ ಒಬ್ಬಳು ಇದ್ದಳು, ಅವಳೇ ಸಂಶೋಧನೆ ಮಾಡಿದ್ದು.

ಸರ್ಟಿಫಿಕೇಟ್ ತೆಗೆದುಕೊಳ್ಳದೆ ಆವತ್ತು ಸಂಜೆ ಬಸ್ ಹತ್ತಿದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಅಮ್ಮ ‘ಎಲ್ಲ ಚೆನ್ನಾಗಾಯ್ತಾ?’ ಅಂದರೆ ಹೂಂ ಅಂದೆ. ರಾತ್ರಿ ಮಲಗಿದ್ದೆ, ನಿದ್ದೆ ಇರಲಿಲ್ಲ. ನಾಲ್ಕು ಗಂಟೆ ಹೊತ್ತಿಗೆ ಹೆಂಚಿನ ಮೇಲೆ ಟಪ್ ಅಂತ ಒಂದು ಹನಿ. ಇನ್ನೊಂದು. ಡಿಸೆಂಬರ್‌ನಲ್ಲಿ ಮಳೆ! ಎದೆ ಧಸಕ್ಕೆಂದಿತು. ಕಣದಲ್ಲಿ ಹಲವು ದಿನಗಳಿಂದ ಒಣಗಿಸಿದ ಅರೇಬಿಕಾ ಇತ್ತು, ಇನ್ನೆರಡು ಬಿಸಿಲು ಸಿಕ್ಕರೆ ಚೀಲಕ್ಕೆ ತುಂಬಬಹುದಿತ್ತು. ನಾನು, ಅಪ್ಪ, ಅಮ್ಮ ಮೂವರೂ ಟಾರ್ಚ್ ಹಿಡಿದು ಓಡಿದೆವು. ಕಾಫಿಯನ್ನು ಗುಡ್ಡೆ ಮಾಡಿ ಟಾರ್ಪಾಲ್ ಎಳೆಯುತ್ತಿರುವಾಗ ಕೈ ನಡುಗುತ್ತಿತ್ತು, ಉಸಿರು ಮೇಲಕ್ಕೆ ಬರುತ್ತಿತ್ತು, ಬೆವರುತ್ತಿದ್ದೆ. ಆಗ ನನ್ನ ಪಟ್ಟಿಯ ಹತ್ತೊಂಬತ್ತನೇ ಪ್ರಶ್ನೆ ನೆನಪಾಗಬೇಕಾ? ಆ ಘಟನೆ ನೆನಪಿಗೆ ಬಂದಾಗ ಎದೆ ಹೊಡೆದುಕೊಳ್ಳುವುದು, ಬೆವರುವುದು, ಉಸಿರಾಡಲು ಕಷ್ಟವಾಗುವುದು ಇತ್ತೇ? ಯಾರಾದರೂ ಪೆನ್ನು ಹಿಡಿದು ಬಂದು ಮಳೆ ಸದ್ದಿಗೆ ನಿನಗೆ ಹೀಗಾಯ್ತಾ ಅಂತ ಕೇಳಿದ್ದರೆ ನಾಲ್ಕಕ್ಕೆ ನಾಲ್ಕು ಕೊಡುತ್ತಿದ್ದೆ. 2018 ಎಲ್ಲಿಂದ ಬಂತು, ನನಗಿದ್ದದ್ದು ಕಾಫಿ ಕಪ್ಪಾಗುವ ಭಯ.

‘ಏನು ಹಾಗೇ ನಿಂತ್ಕೊಂಡೆ, ಆ ತುದಿ ಎಳಿ’ ಅಂತ ಅಮ್ಮ ಕಿರುಚಿದರು. ಎಳೆದೆ.

ಎರಡನೇ ದಿನ ಹೋಗೋದೇ ಬೇಡ ಅಂದುಕೊಂಡಿದ್ದವಳು ಹೋದೆ. ಸ್ಥಳೀಯರಲ್ಲಿ ಅರ್ಧ ಜನ ಬಂದಿರಲಿಲ್ಲ, ಎಲ್ಲರ ಕಣದಲ್ಲೂ ಕಾಫಿ ಇತ್ತು. ತಿಂಡಿ ಹೊತ್ತಿನಲ್ಲಿ ಆ ಡಾಕ್ಟರ್ ನೂಪುಟ್ಟಿಗೆ ಜೇನು ಹಾಕಿಕೊಂಡು ಒಬ್ಬರೇ ಕೂತಿದ್ದರು. ಹೋಗಿ ಪಕ್ಕದಲ್ಲಿ ಕೂತು ರಾತ್ರಿಯ ಕಥೆ ಹೇಳಿದೆ. ಜೋರಾಗಿ ನಕ್ಕರು. ನಿನ್ನೆಯ ಪ್ರಶ್ನೆಗೆ ಬೇಜಾರಾಯ್ತಾ ಅಂತ ಕೇಳಿದರು. ಆಯ್ತು ಮೇಡಂ ಅಂದೆ.

ಆಮೇಲೆ ಮುಕ್ಕಾಲು ಗಂಟೆ ಮಾತಾಡಿದೆವು. ನನ್ನ ಮಟ್ಟಿಗೆ ಸಮ್ಮೇಳನ ಅಂದರೆ ಅದೇ. ಅವರು ನನ್ನ ಡೈರಿಯ ಹಿಂದಿನ ಹಾಳೆಯಲ್ಲಿ ಒಂದು ಗೆರೆ ಎಳೆದರು. ಈ ಪ್ರಶ್ನಾವಳಿ ಕಾಯಿಲೆ ಇದೆ ಅಂತ ತೀರ್ಮಾನ ಮಾಡೋಕೆ ಅಲ್ಲ, ಯಾರ ಜೊತೆ ಇನ್ನೂ ಕೂತು ಮಾತಾಡಬೇಕು ಅಂತ ಆರಿಸೋಕೆ ಅಂದರು. ಜುಲೈಯಲ್ಲಿ ಬರೆ ಪಕ್ಕದ ಮನೆಯವನು ರಾತ್ರಿ ಎದ್ದು ಟಾರ್ಚ್ ಬಿಟ್ಟು ನೋಡೋದು, ನೆಲದಲ್ಲಿ ಬಿರುಕು ಬಿಟ್ಟಿದೆಯಾ, ತೋಡಿನ ನೀರು ಇದ್ದಕ್ಕಿದ್ದ ಹಾಗೆ ಕೆಂಪಾಗಿದೆಯಾ, ಮರ ವಾಲಿದೆಯಾ ಅಂತ ನೋಡೋದು, ಇದು ಲಕ್ಷಣವೋ ಬುದ್ಧಿವಂತಿಕೆಯೋ? ಪಟ್ಟಿಯಲ್ಲಿ ಎರಡಕ್ಕೂ ಒಂದೇ ಅಂಕ. ‘ಮಳೆ ನಿಂತ ಮೇಲೂ ಅದು ಉಳಿದಿದೆಯಾ, ಕೆಲಸಕ್ಕೆ, ನಿದ್ದೆಗೆ, ಮನೆಯವರ ಜೊತೆ ಇರೋದಕ್ಕೆ ಅಡ್ಡ ಬರುತ್ತಾ, ಅದನ್ನ ಕೇಳಿ’ ಅಂದರು. ಒಬ್ಬರನ್ನೇ ಎರಡು ಕಾಲದಲ್ಲೂ ಕೇಳಿ, ಅವರನ್ನು ಅವರ ಜೊತೆಗೇ ಹೋಲಿಸಿ ನೋಡಿ ಅಂದರು.

ಅವರು ಮಾತಾಡುತ್ತಿರುವಾಗ ನನಗೆ ಕಾಲೊನಿಯ ಒಬ್ಬರು ನೆನಪಾದರು. ಫೆಬ್ರವರಿಯಲ್ಲಿ ಕೇಳಿದವರು. ಎಲ್ಲದಕ್ಕೂ ‘ಇಲ್ಲ’ ಅಂದಿದ್ದರು. ಆರಾಮಾಗಿದ್ದೇವೆ, ಮನೆ ಚೆನ್ನಾಗುಂಟು, ಏನೂ ತೊಂದರೆ ಇಲ್ಲ. ನನ್ನ ಲೆಕ್ಕದಲ್ಲಿ ತೀರಾ ಕಡಿಮೆ ಅಂಕದವರಲ್ಲಿ ಒಬ್ಬರು. ಹೊರಡುವಾಗ ಬಾಗಿಲ ಹಿಂದೆ ಒಂದು ಬ್ಯಾಗು ಕಾಣಿಸಿತು. ಎಲ್ಲಿಗೋ ಹೊರಟಿದ್ದೀರಾ ಅಂತ ಕೇಳಿದ್ದೆ. ‘ಇಲ್ಲ, ಆಧಾರ್, ಆರ್‌ಟಿಸಿ, ಪಾಸ್‌ಬುಕ್, ಒಂದು ಜೊತೆ ಬಟ್ಟೆ. ಅದು ಅಲ್ಲೇ ಇರ್ತದೆ’ ಅಂದಿದ್ದರು. ಅವರ ಹೆಂಡತಿ ಮೆಲ್ಲಗೆ, ಚಪ್ಪಲಿಯನ್ನೂ ಮಂಚದ ಪಕ್ಕದಲ್ಲೇ ಇಟ್ಟು ಮಲಗ್ತಾರೆ ಅಂತ ಸೇರಿಸಿದ್ದರು. ಸುತ್ತ ಬಿಸಿಲು, ಹತ್ತಿರದಲ್ಲಿ ಗುಡ್ಡ ಇಲ್ಲ. ನೋಟ್‌ಬುಕ್‌ನ ಅಂಚಿನಲ್ಲಿ ‘ಬ್ಯಾಗ್, ಚಪ್ಪಲಿ’ ಅಂತ ಬರೆದುಕೊಂಡಿದ್ದೆ. 22 ಪ್ರಶ್ನೆಯಲ್ಲಿ ಬ್ಯಾಗಿಗೆ ಜಾಗ ಇರಲಿಲ್ಲ, ಅಲ್ಲಿಗೆ ಬಿಟ್ಟೆ.

ಡಾಕ್ಟರಿಗೆ ಅದನ್ನು ಹೇಳಿದೆ. ಅವರು ನಗಲಿಲ್ಲ. ‘ಅವರ ಮನೆಗೆ ಮೊದಲು ಹೋಗಿ’ ಅಂದರು. ಹೋದೆ, ಆ ಭಾನುವಾರವೇ. ಅಲ್ಲಿ ಆದ ಮಾತು ಇಲ್ಲಿ ಬರೆಯೋದಲ್ಲ. ಅವರೀಗ ಡಾಕ್ಟರ್ ಹತ್ತಿರ ಹೋಗಿ ಬರುತ್ತಿದ್ದಾರೆ, ಅಷ್ಟು ಸಾಕು.

ಇನ್ನು ನನ್ನ ಪಿಎಚ್‌ಡಿ ಗೈಡ್. ನಡೆದದ್ದೆಲ್ಲಾ ಹೇಳಿದೆ. ಅವರು ಒಳ್ಳೆಯವರೇ, ಆದರೆ ಅವರಿಗೂ ಲೆಕ್ಕ ತೋರಿಸಬೇಕು. ‘ಮಿತಿಗಳು ಅಂತ ಕೊನೆಯಲ್ಲಿ ಒಂದು ಸಾಲು ಹಾಕಿ, ಪ್ರೊಸೀಡಿಂಗ್ಸ್‌ಗೆ ಕಳಿಸಿಬಿಡಿ, ಎಲ್ಲರೂ ಹಾಗೇ ಮಾಡೋದು’ ಅಂದರು. ಹಾಕಿದೆ ಕೂಡ. ‘ಮಾಹಿತಿಯನ್ನು ಬೇರೆ ಬೇರೆ ಋತುಗಳಲ್ಲಿ ಸಂಗ್ರಹಿಸಲಾಗಿದೆ’ ಅಂತ ಚೆಂದದ ಒಂದು ಸಾಲು. ಓದಿದವರಿಗೆ ಏನೂ ಅನಿಸದ ಹಾಗೆ ಬರೆದಿದ್ದೆ, ಅದಕ್ಕೇ ನನಗೆ ಜಾಸ್ತಿ ಅನಿಸಿತು. ಶೀರ್ಷಿಕೆ ಮಾತ್ರ ಹಾಗೇ ಕೂತಿತ್ತು, ಸ್ಥಳಾಂತರವಾದವರಲ್ಲಿ ಆಘಾತ ಕಡಿಮೆ ಅಂತ. ನಾಳೆ ಯಾರೋ ಅಧಿಕಾರಿ ಆ ಶೀರ್ಷಿಕೆ ಒಂದನ್ನೇ ಓದಿ, ಮನೆ ಕೊಟ್ಟಾಯಿತು, ಜನ ಸರಿಹೋದರು ಅಂತ ಫೈಲ್ ಮುಚ್ಚಿದರೆ? ಬಾಗಿಲ ಹಿಂದಿನ ಬ್ಯಾಗು ಯಾರ ಲೆಕ್ಕ? ನಾಲ್ಕು ದಿನ ತಡೆದು, ಐದನೇ ದಿನ ಪೇಪರ್ ವಾಪಸ್ ತೆಗೆದುಕೊಳ್ಳುತ್ತೇನೆ ಅಂತ ಸಮ್ಮೇಳನದವರಿಗೆ ಇಮೇಲ್ ಹಾಕಿದೆ. ಗೈಡ್ ಎರಡು ವಾರ ಫೋನ್ ಎತ್ತಲಿಲ್ಲ. ಆಮೇಲೆ ಎತ್ತಿದರು.

ಈಗ ಮತ್ತೆ ಶುರು. ಈ ಸಲ ಏನು ಕೇಳುತ್ತೇನೆ, ಯಾರನ್ನು ಯಾವಾಗ ಕೇಳುತ್ತೇನೆ, ಹೇಗೆ ಲೆಕ್ಕ ಹಾಕುತ್ತೇನೆ ಅನ್ನೋದನ್ನು ಮೊದಲೇ ಬರೆದು ಓಪನ್ ಸೈನ್ಸ್ ಫ್ರೇಮ್‌ವರ್ಕ್ ಅನ್ನುವ ಜಾಲತಾಣದಲ್ಲಿ ನೋಂದಾಯಿಸಿದ್ದೇನೆ. ದುಡ್ಡು ಕೊಡಬೇಕಿಲ್ಲ. ಆಮೇಲೆ ನನಗೆ ಬೇಕಾದ ಹಾಗೆ ಬದಲಾಯಿಸಿದರೆ ಯಾರು ಬೇಕಾದರೂ ಹಿಡಿಯಬಹುದು. ಮರಗಟ್ಟುವ ಪ್ರಶ್ನೆಯನ್ನು ಜನರ ಜೊತೆಗೇ ಕೂತು ತಿದ್ದಿದೆ. ಬೆರಳಿನ ಚಳಿ ಹೇಳಿದ ಅಕ್ಕನೇ ‘ಅಳು ಬರಬೇಕಾದ ಕಡೆ ಅಳು ಬರಲ್ಲ, ನಗು ಬರಬೇಕಾದ ಕಡೆ ನಗು ಬರಲ್ಲ, ಹಾಗೆ ಕೇಳಿ’ ಅಂತ ಹೇಳಿಕೊಟ್ಟರು. ಎರಡು ವರ್ಷದಲ್ಲಿ ನಾನೂ ಇಂಗ್ಲಿಷ್ ಮೇಷ್ಟ್ರೂ ಸೇರಿ ಮಾಡಿದ್ದಕ್ಕಿಂತ ಚೆನ್ನಾಗಿತ್ತು.

ಗುಡ್ಡದ ಪಕ್ಕದವರನ್ನು ಈ ಫೆಬ್ರವರಿ, ಮಾರ್ಚ್‌ನಲ್ಲಿ ಕೇಳಿ ಮುಗಿಸಿದೆ. ಕಾಲೊನಿಯವರದು ಜುಲೈಗೆ. ಅರ್ಧ ತೋಟ ಕಳೆದುಕೊಂಡ ಆ ಅಣ್ಣನ ಹತ್ತಿರ ಹೋದಾಗ ‘ಮತ್ತೆ ಅದೇ ಪ್ರಶ್ನೆನಾ?’ ಅಂದರು. ಮಳೆ ಅಂದರೆ ಈಗ ಏನನಿಸುತ್ತದೆ ಅಂತ ಕೇಳಿದ್ದಕ್ಕೆ ಆಕಾಶ ನೋಡಿದರು. ‘ಒಂದಿಂಚು ಬಂದ್ರೆ ಸಾಕಿತ್ತು, ಹೂ ಬಿರಿಯೋದು. ಸ್ಪ್ರಿಂಕ್ಲರ್‌ಗೆ ಡೀಸೆಲ್ ಹಾಕಿ ಸೋತುಹೋದೆ.’ ಜುಲೈಯಲ್ಲಿ ಹೆಂಚಿನ ಮೇಲೆ ಹನಿ ಬಿದ್ದರೆ ಎದ್ದು ಕೂರುತ್ತೇನೆ ಅಂದಿದ್ದ ಮನುಷ್ಯ ಇವರೇ.

ಇನ್ನೊಂದು ಕೆಲಸ ಇತ್ತು. ಯಾರನ್ನು ಕೇಳಿದೆನೋ ಅವರ ಮನೆ ಹತ್ತಿರ ಹಿಂದಿನ ಏಳು ದಿನದಲ್ಲಿ ಎಷ್ಟು ಮಳೆ ಬಂದಿತ್ತು ಅನ್ನೋದೂ ಲೆಕ್ಕಕ್ಕೆ ಬೇಕು. ಮಡಿಕೇರಿ ಪೇಟೆಯ ಲೆಕ್ಕ ಹಿಡಿದರೆ ಆಗಲ್ಲ, ನಮ್ಮಲ್ಲಿ ಈ ಗುಡ್ಡದಲ್ಲಿ ಸುರಿದರೆ ಆ ಗುಡ್ಡದಲ್ಲಿ ಬಿಸಿಲು. ಎಲ್ಲಿ ಹುಡುಕೋದು ಅಂತ ತಲೆ ಕೆಡಿಸಿಕೊಂಡಿದ್ದಾಗ ಅಪ್ಪ, ‘ಮೇಲಿನ ತೋಟದ ಅಜ್ಜ ಬರೆದಿಡ್ತಾರಲ್ಲಾ’ ಅಂದರು. ಎಷ್ಟೋ ಪ್ಲಾಂಟರ್ ಮನೆಗಳಲ್ಲಿ ಅಂಗಳದಲ್ಲೊಂದು ಮಳೆ ಅಳೆಯುವ ಡಬ್ಬಿ, ಗೋಡೆ ಪಕ್ಕ ಒಂದು ಪುಸ್ತಕ ಇದ್ದೇ ಇರುತ್ತದೆ. ಇಂಚು, ಸೆಂಟ್ ಲೆಕ್ಕ. ನೂರು ಸೆಂಟ್ ಸೇರಿದರೆ ಒಂದಿಂಚು. ಚಿಕ್ಕಂದಿನಿಂದ ನೋಡಿದ್ದೆ, ಅದೂ ಒಂದು ಮಾಹಿತಿ ಅಂತ ಹೊಳೆದೇ ಇರಲಿಲ್ಲ.

ಹೋಗಿ ಕೇಳಿದೆ. ಅಜ್ಜ ಕನ್ನಡಕ ಹಾಕಿಕೊಂಡು ನನ್ನ ನಮೂನೆಯನ್ನು ಪೂರ್ತಿ ಓದಿದರು. ‘ನಿನಗೆ ಏಳು ದಿನದ್ದು ಸಾಕಾ? ನನ್ನ ಹತ್ರ 1974ರಿಂದ ಉಂಟು.’ ಒಳಗೆ ಹೋಗಿ ರಟ್ಟು ಹರಿದ ದಪ್ಪ ಲೆಡ್ಜರ್ ತಂದರು. ದಿನಕ್ಕೊಂದು ಸಾಲು. ಕೆಲವು ಕಡೆ ಮಳೆಯ ಪಕ್ಕದಲ್ಲಿ ‘ಆನೆ ಬಂತು’, ‘ಮೆಣಸು ಮಾರಿದೆ’, ‘ಮಗಳ ನಿಶ್ಚಯ’. ನಾನು 2018ರ ಆಗಸ್ಟ್ ಹುಡುಕುತ್ತಿದ್ದದ್ದು ಅವರಿಗೆ ಗೊತ್ತಾಯಿತು. ‘ಆ ವಾರದ್ದು ನೋಡಬೇಡ, ಡಬ್ಬಿ ತುಂಬಿ ಚೆಲ್ಲಿತ್ತು, ಸರಿ ಲೆಕ್ಕ ಅಲ್ಲ’ ಅಂದರು. ಅಂದಾಜು ಹಾಕಿಲ್ವಾ ಅಜ್ಜ ಅಂತ ಕೇಳಿದೆ. ‘ಅಳೀದೇ ಇರೋದನ್ನ ಬರೆಯೋದು ಹೇಗೆ?’

ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳುತ್ತೇನೆ ಅಂದೆ. ಬೆಳಕು ಸಾಲದು, ಮನೆಗೆ ತೆಗೆದುಕೊಂಡು ಹೋಗು ಅಂತ ಹಳೆಯ ಪೇಪರಿನಲ್ಲಿ ಸುತ್ತಿ ಕೊಟ್ಟರು. ಗೇಟಿನ ತನಕ ಬಂದು ಮತ್ತೆ ಕರೆದರು. ‘ಮೇ ಮುಗಿಯೋದ್ರೊಳಗೆ ತಂದುಕೊಡಬೇಕು. ಜೂನ್ ಬಂದ್ರೆ ನನಗೆ ಬರೆಯೋಕೆ ಬೇಕು.’